ತಗಡು ಕೊರೆಯದೆ ಗಾಡಿಗೆ ಏರಿಯಲ್

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರನ್ನು ಚರಿತ್ರೆಯ ಪಾಠದಲ್ಲಿ ಓದದ ವಿದ್ಯಾರ್ಥಿಗಳು ವಿರಳ. ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಕೊರೆಯಿಸಿದ ಶಾಸನವನ್ನು 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಬೆಳಕಿಗೆ ತಂದನು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಈ ಶಾಸನದಿಂದ ನಿಸ್ಸಂದೇಹವಾಯಿತು. ಕಲ್ಲಿನಲ್ಲಿ ಕೊರೆದ ಸುದ್ದಿ ಇದ್ದಲ್ಲಿಯೇ ಇರುವುದು. ಓದಬೇಕಾದವರು ಅದರ ಬಳಿಗೆ ಹೋಗಬೇಕು. ರೇಡಿಯೊ ಸುದ್ದಿಯಾದರೋ ನಾವಿರುವಲ್ಲಿಗೇ ಬರುವುದು. ಆದರೆ ಅದನ್ನು ಹಿಡಿದುಕೊಳ್ಳಲು ಒಂದು ಸಲಾಕೆ ಬೇಕು. ಆ ಸಲಾಕೆಯನ್ನು ನೆಡುವುದಕ್ಕಾಗಿ ಏನನ್ನಾದರೂ ಕೊರೆಯಲೇಬೇಕೆ ಎಂಬ ಪ್ರಶ್ನೆ ಇದೇ ಮಸ್ಕಿಯಲ್ಲಿ ಒಮ್ಮೆ ನಮ್ಮ ಮುಂದೆ ಬಂದಿತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪರಿಚಯದ ಪಿಕಪ್ ಗಾಡಿಯ ಯಜಮಾನರೊಬ್ಬರು, ಸುಗ್ಗಿಯ ಕಾಲದಲ್ಲಿ ಸಿಂಧನೂರಿನ ಕಡೆಯ ಕಾಲುವೆ ನೀರಿನ ಗದ್ದೆಗಳಿಂದ ಭತ್ತದ ಚೀಲಗಳನ್ನು ಹೇರಿ ಗಿರಣಿಗಳಿಗೆ ಮುಟ್ಟಿಸುತ್ತಿದ್ದರು. ಕೊಂಡಾಗ ಗಾಡಿಯಲ್ಲಿ ರೇಡಿಯೊ ಇರಲಿಲ್ಲ. ಸೆಟ್ಟೊಂದನ್ನು ಕೊಂಡು ತಂದರು. ಕೂರಿಸಲು ಹೋದ ಅಂಗಡಿಯಲ್ಲಿ ಛಾವಣಿಗೆ ತೂತು ಕೊರೆಯಬೇಕೆಂದರಂತೆ. ಅವರು ನೇರವಾಗಿ ನಮ್ಮಲ್ಲಿಗೆ ಬಂದರು. “ಸರ, ಟಾಪಿಗೆ ತೂತು ಹೊಡಿಬೇಕಂತಾರ. ಬ್ಯಾಂಕಿನ ಕಂತು ಇನ್ನಾ ಅರ್ಧಾನೂ ಮುಗಿದಿಲ್ಲ. ತೂತು ಹೊಡದ್ರ ಮಳಿ ನೀರು ಒಳಗ ಬರಂಗಿಲ್ಲೇನು?”

ಫೋನಿನಲ್ಲಿ ಎಲ್ಲವೂ ಕೇಳಿಸುವ ಈ ಕಾಲದಲ್ಲಿ ರೇಡಿಯೊ ಏತಕ್ಕೆಂದು ವಾಚಕರು ಕೇಳಬಹುದು. ಚಕ್ರವನ್ನು ಹಿಡಿದ ಕೈ ಫೋನನ್ನು ಹಿಡಿಯಬಾರದು. ರೇಡಿಯೊಗೆ ಒಂದು ಗುಂಡಿಯನ್ನು ತಿರುಗಿಸಿದರೆ ಸಾಕು. ಅದಲ್ಲದೆ ತೆರೆದ ಗಾಡಿಯಲ್ಲಿ ಒಣಗಿದ ಭತ್ತವನ್ನು ಹೇರಿಕೊಂಡವನಿಗೆ ಸಂಜೆ ಮಳೆಯಾಗುವ ಸಂಭವವಿದೆ ಎಂಬ ಒಂದು ವಾಕ್ಯದ ಬೆಲೆ ಎಷ್ಟೆಂಬುದನ್ನು ಆ ಸೀಮೆಯವರೇ ಬಲ್ಲರು. ತಾಡಪತ್ರಿ ಹೊದಿಸಿ ಬಿಗಿಯುವಷ್ಟು ಹೊತ್ತು ಮೊದಲು ತಿಳಿದರೆ ಚೀಲಗಳು ಉಳಿದಾವು.

ಮಸ್ಕಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ರಾಯಚೂರಿನಲ್ಲಿಯೂ ಹೊಸಪೇಟೆಯಲ್ಲಿಯೂ ಆಕಾಶವಾಣಿಯ ಎಫ್.ಎಂ. ಕೇಂದ್ರಗಳಿವೆ. ಭೂಪಟದ ಮೇಲೆ ನೇರವಾಗಿ ಅಳೆದರೆ ಮಸ್ಕಿಯು ಇವೆರಡರಿಂದಲೂ ಹೆಚ್ಚುಕಡಿಮೆ 80 ಕಿಲೋಮೀಟರ್ ದೂರದಲ್ಲಿದೆ. ಎಫ್.ಎಂ. ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಚಲಿಸುವುವು. ಭೂಮಿಯ ದುಂಡಗಿನ ಮೈ ಅವುಗಳಿಗೆ ಅಡ್ಡವಾಗುವುದು. ಕೇಂದ್ರದ ಸ್ತಂಭ ನೂರು ಮೀಟರ್ ಎತ್ತರವಿದೆಯೆಂದು ಉದಾಹರಣೆಗಾಗಿ ಎಣಿಸೋಣ. ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೊ ಕ್ಷಿತಿಜದ ದೂರವು ಕಿಲೋಮೀಟರುಗಳಲ್ಲಿ ದೊರೆಯುವುದು. ಸ್ತಂಭಕ್ಕೆ 41, ಎರಡು ಮೀಟರ್ ಎತ್ತರದಲ್ಲಿರುವ ಗಾಡಿಯ ಏರಿಯಲ್ಲಿಗೆ ಸುಮಾರು 6. ಒಟ್ಟು 47 ಕಿಲೋಮೀಟರ್. ಅದರಾಚೆಗೆ ತಲುಪುವುದು ನೆಲದ ಅಂಚಿನಲ್ಲಿ ಬಾಗಿ ಬಂದ, ಗಾಳಿಯ ಪದರಗಳಲ್ಲಿ ಚದರಿ ಬಂದ ಕ್ಷೀಣ ಅಲೆ ಮಾತ್ರ. ಕೇಂದ್ರದ ಪಕ್ಕದ ಊರಿನಲ್ಲಿ ಒಂದು ತುಂಡು ತಂತಿಯೂ ಹಾಡುವುದು. ಮಸ್ಕಿಯಂಥ ಊರಿನಲ್ಲಿ ಏರಿಯಲ್ಲಿನ ಕೆಲಸ ಚೊಕ್ಕವಾಗಿರಬೇಕು.

ಮೊದಲು ತೂತಿನ ಮಾತನ್ನೇ ಮುಗಿಸೋಣ. ಗಾಡಿಯ ತಗಡಿನ ಮೇಲೆ ಕಾರಖಾನೆಯಲ್ಲಿ ಪದರ ಪದರವಾಗಿ ರಕ್ಷಣೆಯ ಲೇಪವನ್ನೂ ಬಣ್ಣವನ್ನೂ ಕೊಟ್ಟಿರುವರು. ಬೈರಿಗೆಯು ಇವೆಲ್ಲವನ್ನೂ ಒಮ್ಮೆಗೇ ಕಡಿದು ತೂತಿನ ಅಂಚಿನಲ್ಲಿ ಬೆತ್ತಲೆ ಉಕ್ಕನ್ನು ಉಳಿಸುವುದು. ಅಲ್ಲಿ ನೀರು ಕುಳಿತರೆ ತುಕ್ಕು ಹುಟ್ಟುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡುವುದಾದ್ದರಿಂದ ಅಕ್ಕಪಕ್ಕದ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತ, ಹೊಸ ತಗಡನ್ನು ನೀರಿಗೆ ತೆರೆಯುತ್ತ ಹೋಗುವುದು. ಕಾಳಿನಷ್ಟಿದ್ದ ಕಲೆ ಮೂರು ಮಳೆಗಾಲಗಳಲ್ಲಿ ರೂಪಾಯಿಯಗಲವಾದುದನ್ನು ನಾವು ಕಂಡಿದ್ದೇವೆ. ಆದರೂ ನ್ಯಾಯವಾದ ಮಾತನ್ನು ಹೇಳಬೇಕು: ಅಂಚಿಗೆ ಬಣ್ಣ ಬಳಿದು, ಒಳ್ಳೆಯ ರಬ್ಬರಿನ ಬಳೆ ಹಾಕಿ, ತಿಳಿದವರು ಕೊರೆದು ಕೂರಿಸಿದ ಏರಿಯಲ್ಲಿಗೆ ಸಮನಾದದ್ದಿಲ್ಲ. ಹಗಲಿರುಳು ಸಂದೇಶ ಕಳುಹಬೇಕಾದ ಗಾಡಿಗಳಿಗೆ ಅದೇ ಮೇಲು. ಪ್ರಶ್ನೆಯೇನೆಂದರೆ, ಆ ತೂತು ಮಾಡಿಕೊಡುವ ಉಪಕಾರ ಯಾವುದು? ಅದನ್ನು ಬೇರೆ ದಾರಿಯಿಂದ ಪಡೆಯಬಹುದೆ?

ಇದನ್ನು ಅರಿಯಬೇಕಾದರೆ ಏರಿಯಲ್ ಎಂದರೆ ಸಲಾಕೆಯೊಂದೇ ಎಂಬ ಭ್ರಮೆಯನ್ನು ಬಿಡಬೇಕು. 1887-88ರಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸ್ ರೇಡಿಯೊ ಅಲೆಗಳನ್ನು ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ಉಂಟುಮಾಡಿದಾಗ ಅವನ ಉಪಕರಣದಲ್ಲಿ ಎದುರುಬದುರಾದ ಎರಡು ಲೋಹದ ತೋಳುಗಳಿದ್ದುವು. ವಿದ್ಯುತ್ತು ಒಂದು ತೋಳಿಗೆ ನುಗ್ಗುವಾಗ ಇನ್ನೊಂದರಿಂದ ಹಿಂದೆಗೆಯುವುದು. ಉಯ್ಯಾಲೆಯಂತೆ ಈ ಆಟ ನಡೆಯುವುದು. ಕೆಲವೇ ವರ್ಷಗಳ ತರುವಾಯ ಮಾರ್ಕೋನಿಯು ಒಂದು ತೋಳನ್ನು ಮಾತ್ರ ಮೇಲಕ್ಕೆತ್ತಿ, ಇನ್ನೊಂದರ ಬದಲು ಭೂಮಿಯನ್ನೇ ಜೋಡಿಸಿಕೊಂಡನು. ಕನ್ನಡಿಯ ಮೇಲೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ನೋಡಿ: ಕೆಳಗೆ ಅಷ್ಟೇ ಉದ್ದದ ಇನ್ನೊಂದು ಪೆನ್ಸಿಲ್ ತಲೆಕೆಳಗಾಗಿ ನಿಂತಿರುವುದು. ವಾಹಕವಾದ ನೆಲವು ರೇಡಿಯೊ ಅಲೆಗೆ ಇಂಥದೇ ಕನ್ನಡಿ. ಸಲಾಕೆ ಅರ್ಧ ಏರಿಯಲ್. ಉಳಿದರ್ಧ ಆ ಕನ್ನಡಿಯಲ್ಲಿದೆ.

ಗಾಡಿಯು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದರಿಂದ ಅದಕ್ಕೆ ಭೂಮಿಯ ನೇರ ಸಂಬಂಧವಿಲ್ಲ. ಅದರ ಉಕ್ಕಿನ ಮೈಯೇ ಕನ್ನಡಿಯ ಕೆಲಸ ಮಾಡಬೇಕು. ಎಫ್.ಎಂ. ಅಲೆಯ ಆವೃತ್ತಿ 100 ಮೆಗಾಹರ್ಟ್ಸ್ ಎಂದಿಟ್ಟುಕೊಂಡರೆ ತರಂಗದೂರ 3 ಮೀಟರ್. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅದು ಮೀಟರುಗಳಲ್ಲಿ ದೊರೆಯುವುದು. ಅದರ ಕಾಲುಭಾಗ 75 ಸೆಂಟಿಮೀಟರ್. ವಾಸ್ತವದಲ್ಲಿ ಸಲಾಕೆಯನ್ನು ನೂರಕ್ಕೆ ಐದರಷ್ಟು ಗಿಡ್ಡ ಮಾಡುವರು. 71 ಸೆಂಟಿಮೀಟರಾದರೆ ಸರಿ. ಈ ಉದ್ದದ ಸಲಾಕೆಯು ಉಕ್ಕಿನ ಛಾವಣಿಯ ನಡುವೆ ನಿಂತಾಗ ತಂತಿ ವಾದ್ಯದ ತಂತಿಯಂತೆ ಆ ಅಲೆಗೆ ಶ್ರುತಿಗೂಡಿ ಮಿಡಿಯುವುದು. ಅಂಗಡಿಯವರು ತೂತು ಕೊರೆದು ಬಿಗಿಯುವ ನಟ್ಟಿನ ನಿಜವಾದ ಉಪಕಾರ ಇಲ್ಲಿದೆ. ಕೇಬಲ್ಲಿನ ಹೊರ ಜಾಲರಿಯನ್ನು ಅದು ಸಲಾಕೆಯ ಬುಡದಲ್ಲಿಯೇ ಗಾಡಿಯ ಮೈಗೆ ಕೂಡಿಸುವುದು. ಸಲಾಕೆಯನ್ನು ಅಲುಗದಂತೆ ಹಿಡಿಯುವುದು ಅದರ ಎರಡನೆಯ ಕೆಲಸ.

ಇಲ್ಲೊಂದು ಚಮತ್ಕಾರದ ಚರಿತ್ರೆಯಿದೆ. ಮೋಟಾರು ಗಾಡಿಗಳಲ್ಲಿ ರೇಡಿಯೊ ಬಳಕೆಗೆ ಬಂದ 1930ರ ಸುಮಾರಿನಲ್ಲಿ ಹಲವು ಕಾರುಗಳ ಛಾವಣಿ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದು. ಬಟ್ಟೆಯ ಅಡಿಯಲ್ಲಿ ತಂತಿಯ ಬಲೆಯನ್ನು ಹರಡಿ ಅದನ್ನೇ ಏರಿಯಲ್ ಮಾಡುತ್ತಿದ್ದರು. ಹೊರಗೆ ಏನೂ ಕಾಣುತ್ತಿರಲಿಲ್ಲ. ಆ ದಶಕದ ನಡುವೆ ಅಮೆರಿಕದಲ್ಲಿ ಇಡಿಯ ಉಕ್ಕಿನ ಛಾವಣಿಗಳು ಬಂದುವು. ಉಕ್ಕಿನ ಅಡಿಯ ಬಲೆಗೆ ಅಲೆಗಳು ತಲುಪವು. ಆದಕಾರಣ ಏರಿಯಲ್ ಹೊರಗೆ ಬಂದಿತು. ತೂತು ಕೊರೆಯುವ ಪದ್ಧತಿಯೂ ಬೆಳೆಯಿತು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಾಡುತ್ತಿರುವ ಟ್ರಾನ್ಸಿಸ್ಟರನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು ಮುಚ್ಚಳವನ್ನು ಮೆಲ್ಲಗೆ ಇಳಿಸಿ. ಹಾಡು ಮುಚ್ಚಳದೊಡನೆಯೇ ಮುಳುಗುವುದು.

ಈಗ ಅಯಸ್ಕಾಂತದ ವಿಷಯ. ಅಗಲವಾದ ಬುಡದೊಳಗೆ ಅಯಸ್ಕಾಂತವನ್ನು ಅಡಗಿಸಿದ ಏರಿಯಲ್ಲುಗಳು ಪೇಟೆಯಲ್ಲಿ ದೊರೆಯುವುವು. ಛಾವಣಿಯ ಮೇಲೆ ಇಟ್ಟರೆ ಕಚ್ಚಿಕೊಳ್ಳುವುವು. ಆದರೆ ನಡುವೆ ಬಣ್ಣವಿದೆ, ಬುಡದ ಕೆಳಗಿನ ತೆಳುವಾದ ರಬ್ಬರಿನ ಹಾಳೆಯಿದೆ, ಎರಡೂ ಅವಾಹಕಗಳು. ಲೋಹಕ್ಕೆ ಲೋಹ ಮುಟ್ಟದೆ ಜಾಲರಿಯು ಗಾಡಿಯ ಮೈಯನ್ನು ಕೂಡುವ ಬಗೆ ಹೇಗೆ?

ಎರಡು ಲೋಹದ ಫಲಕಗಳನ್ನು ಎದುರುಬದುರಾಗಿಟ್ಟು ನಡುವೆ ಅವಾಹಕವನ್ನಿಟ್ಟರೆ ಅದು ವಿದ್ಯುದ್ಧಾರಕವಾಗುವುದೆಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಕಸುಬುದಾರರು ಅದನ್ನು ಕಂಡೆನ್ಸರ್ ಎನ್ನುವರು. ಇಲ್ಲಿ ಅಯಸ್ಕಾಂತದ ಬುಡ ಒಂದು ಫಲಕ, ಛಾವಣಿ ಇನ್ನೊಂದು. ಬುಡದ ಅಡ್ಡಳತೆ 9 ಸೆಂಟಿಮೀಟರ್, ಬಣ್ಣ ಮತ್ತು ರಬ್ಬರು ಸೇರಿ 0.4 ಮಿಲಿಮೀಟರ್ ದಪ್ಪವೆಂದು ಎಣಿಸಿದರೆ ಈ ಧಾರಕದ ಬೆಲೆ ಸುಮಾರು 400 ಪಿಕೊಫ್ಯಾರಡ್. ನೇರ ಪ್ರವಾಹಕ್ಕೆ ಧಾರಕವು ಮುಚ್ಚಿದ ಬಾಗಿಲು. ಹಿಂದುಮುಂದಾಗಿ ಹರಿಯುವ ಪ್ರವಾಹಕ್ಕೆ ಅದು ತೆರೆಯುವುದು. ಆವೃತ್ತಿ ಹೆಚ್ಚಿದಷ್ಟೂ ಹೆಚ್ಚು ತೆರೆಯುವುದು. 100 ಮೆಗಾಹರ್ಟ್ಸಿನಲ್ಲಿ ಮೇಲಿನ ಧಾರಕವು ಒಡ್ಡುವ ಅಡ್ಡಿ ಸುಮಾರು 4 ಓಮ್ ಮಾತ್ರ. ಕಾಲು ಅಲೆಯ ಸಲಾಕೆಯ ರೋಧವೇ 36 ಓಮ್‌ಗಳಷ್ಟಿರುವಾಗ ಈ ನಾಲ್ಕನ್ನು ಯಾರೂ ಗಮನಿಸಬೇಕಾದುದಿಲ್ಲ. ಬಣ್ಣ ಗೀರದೆ, ತೂತು ಕೊರೆಯದೆ, ಅಲೆಯ ಕಣ್ಣಿಗೆ ಮಾತ್ರ ಅಲ್ಲಿ ನಟ್ಟು ಬಿಗಿದಂತೆಯೇ ಆಯಿತು!

ಇದೇ ಉಪಾಯ ಎಲ್ಲ ಅಲೆಗಳಿಗೂ ಸಲ್ಲದು. ಹವ್ಯಾಸಿ ರೇಡಿಯೊ ಬಳಗದವರು 7 ಮೆಗಾಹರ್ಟ್ಸಿನ ಸುತ್ತಿನ ಹ್ರಸ್ವ ತರಂಗದಲ್ಲಿ ಗಾಡಿಯಿಂದ ಮಾತನಾಡುವುದುಂಟು. ಅಲ್ಲಿ ಅದೇ ಧಾರಕದ ಅಡ್ಡಿ ಐವತ್ತು ಓಮ್‌ಗೂ ಮಿಗಿಲು. ಗಿಡ್ಡ ಸಲಾಕೆಯು ಅಲೆಯಾಗಿ ಹೊರಸೂಸುವ ಶಕ್ತಿಗೆ ಸಲ್ಲುವ ರೋಧವೋ ಕೆಲವೇ ಓಮ್‌ಗಳಷ್ಟು. ಆದ್ದರಿಂದ ಅವರು ಒಂಟಿ ಅಯಸ್ಕಾಂತವನ್ನು ನೆಚ್ಚದೆ ಲೋಹಕ್ಕೆ ಲೋಹವನ್ನೇ ಬಿಗಿಯುವರು. (ಅಲೆಗಳನ್ನು ಕೇಳುವುದು ಒಂದು, ಕಳುಹುವುದು ಇನ್ನೊಂದು. ಹವ್ಯಾಸಿಯಾಗಿ ಪ್ರಸಾರ ಮಾಡುವವರು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದಿರಬೇಕು.)

ಯಜಮಾನರ ಗಾಡಿಗೆ ನಾವು ಮೊದಲು ಇಟ್ಟದ್ದು ಅಯಸ್ಕಾಂತದ ಏರಿಯಲ್ಲನ್ನೇ. ಅದು ಗಾಳಿಗೆ ಹಾರಿಹೋದೀತೆಂದು ಅವರಿಗೆ ದಿಗಿಲು. ಲೆಕ್ಕ ಮಾಡಿ ತೋರಿಸಿದೆವು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 75 ಸೆಂಟಿಮೀಟರ್ ಉದ್ದದ, 3 ಮಿಲಿಮೀಟರ್ ದಪ್ಪದ ಸಲಾಕೆಯ ಮೇಲೆ ಗಾಳಿಯ ಒತ್ತಡ ಸುಮಾರು 70 ಗ್ರಾಂ ತೂಕದಷ್ಟು. ಅದು ಸಲಾಕೆಯ ನಡುವೆ, ಎಂದರೆ ಬುಡದಿಂದ 37 ಸೆಂಟಿಮೀಟರ್ ಎತ್ತರದಲ್ಲಿ ತಳ್ಳುವುದೆಂದು ಭಾವಿಸಬಹುದು. ಹತ್ತು ಕಿಲೋಗ್ರಾಂ ಎತ್ತಬಲ್ಲ ಅಯಸ್ಕಾಂತವು ತನ್ನ ಅಂಚಿನ ಮೇಲೆ ಮಗುಚಬೇಕಾದರೆ ಬೇಕಾಗುವ ತಿರುಗುಬಲ ಇದರ ಹದಿನೇಳು ಪಟ್ಟು. ಬಣ್ಣ ಮತ್ತು ರಬ್ಬರಿನ ಅಡ್ಡಿಯಿಂದ ಅಯಸ್ಕಾಂತದ ಬಲ ಅರ್ಧಕ್ಕಿಳಿದರೂ ಗಾಳಿಗೆ ಅದು ಜಗ್ಗದು.

ಗಾಳಿಗೆ ಜಗ್ಗಲಿಲ್ಲ ನಿಜ. ಹತ್ತನೆಯ ದಿನ ಹೊಲದ ದಾರಿಯ ಬೇವಿನ ಕೊಂಬೆಯೊಂದು ಅದನ್ನು ಕೆಳಗೆ ಕೆಡವಿತು! ನಮ್ಮ ಲೆಕ್ಕದಲ್ಲಿಯೇ ಉತ್ತರವಿತ್ತು, ನಾವು ನೋಡಿರಲಿಲ್ಲ. ತುದಿಯಲ್ಲಿ ತಳ್ಳಿದರೆ 600 ಗ್ರಾಂ ತೂಕದಷ್ಟು, ಅಯಸ್ಕಾಂತ ಅರೆಬಲದ್ದಾದರೆ 300 ಗ್ರಾಂನಷ್ಟು ಬಲವೇ ಸಾಕು. ಏರಿಯಲ್ ಕೇಬಲ್ಲಿಗೆ ಜೋತುಬಿದ್ದು ಗಾಡಿಯ ಪಕ್ಕವನ್ನು ಬಡಿಯುತ್ತ ಬಂದಿತ್ತು. ಅದನ್ನು ಒರಸಿ ಮತ್ತೆ ಕೂರಿಸಲು ಹೋದಾಗ ಇನ್ನೊಂದು ಕೇಡು ಕಂಡಿತು. ಬುಡದ ಸುತ್ತ ಕಪ್ಪಾದ ಸಣ್ಣ ಕಣಗಳು ಮುಳ್ಳಿನಂತೆ ಎದ್ದು ನಿಂತಿದ್ದುವು. ರಸ್ತೆಯ ದೂಳಿನಲ್ಲಿ ಕಬ್ಬಿಣದ ಕಣಗಳಿರುವುವು; ಅಯಸ್ಕಾಂತವು ಅವನ್ನೆಲ್ಲ ಕೂಡಿಹಾಕಿತ್ತು. ಗಾಡಿ ಕುಲುಕಿದಂತೆಲ್ಲ ಅವು ಉಪ್ಪುಕಾಗದದಂತೆ ಬಣ್ಣವನ್ನು ತೇಯುತ್ತಿದ್ದುವು. ತೂತು ಬೇಡವೆಂದು ಹೊರಟವರು ಬಟ್ಟಲಗಲದ ಗೀರನ್ನು ಮಾಡಿಟ್ಟಿದ್ದೆವು.

ಆದಕಾರಣ ಅಯಸ್ಕಾಂತವನ್ನು ಬಳಸುವವರು ವಾರಕ್ಕೊಮ್ಮೆ ಅದನ್ನು ನೇರವಾಗಿ ಮೇಲಕ್ಕೆತ್ತಿ, ಎಳೆಯದೆ, ಬುಡವನ್ನೂ ತಗಡನ್ನೂ ಒದ್ದೆ ಬಟ್ಟೆಯಿಂದ ಒರಸಿ ಒಣಗಿಸಿ ಇಡಬೇಕು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಛಾವಣಿ ಕೈಯಿಡಲಾಗದಷ್ಟು ಕಾಯುವುದು. ನಿಯೋಡಿಮಿಯಮ್ ಅಯಸ್ಕಾಂತಗಳ ಸಾಧಾರಣ ಬಗೆಗಳಿಗೆ 80 ಡಿಗ್ರಿ ಸೆಲ್ಸಿಯಸ್ಸೇ ಮೇರೆ. ಅದನ್ನು ದಾಟಿದರೆ ಅವು ತಮ್ಮ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುವುವು. ಕಪ್ಪಗಿನ ಫೆರೈಟ್ ಅಯಸ್ಕಾಂತ ದೊಡ್ಡದಾದರೂ ಸೆಕೆಗೆ ಗಟ್ಟಿ. ಇನ್ನು ಫೈಬರಿನ ಛಾವಣಿಯಿರುವ ಗಾಡಿಗಳಲ್ಲಿ ಅಯಸ್ಕಾಂತ ನಿಲ್ಲುವುದೇ ಇಲ್ಲ, ಅಲೆಗೆ ಕನ್ನಡಿಯೂ ಇಲ್ಲ. ಕೊಳ್ಳುವ ಮುಂಚೆ ಸಣ್ಣ ಅಯಸ್ಕಾಂತವೊಂದನ್ನು ಮುಟ್ಟಿಸಿ ನೋಡುವುದು ಜಾಣತನ.

ಬಳಿಕ ನಾವು ಆರಿಸಿಕೊಂಡದ್ದು ಹಿಡಿಕೆಯ ದಾರಿ. ಬಾನೆಟ್ಟಿನ ಮುಚ್ಚಳಕ್ಕೂ ಪಕ್ಕದ ಮಡ್ಗಾರ್ಡಿನ ತಗಡಿಗೂ ನಡುವೆ ಬೆರಳಂಚಿನಷ್ಟು ಸಂದು ಇರುವುದಷ್ಟೆ. ಮುಚ್ಚಳವನ್ನು ಎತ್ತಿದರೆ ತಗಡು ಒಳಕ್ಕೆ ಮಡಿಸಿದ ತುಟಿಯಂತಿರುವುದು. ಆ ತುಟಿಯನ್ನು ಕಚ್ಚಿ ಹಿಡಿಯುವ ಉಕ್ಕಿನ ಹಿಡಿಕೆಗಳು ದೊರೆಯುವುವು, ಕಮ್ಮಾರನಿಂದ ಮಾಡಿಸಲೂಬಹುದು. ಹಿಡಿಕೆಯಲ್ಲಿ ಎರಡು ಮೊನೆಯುಳ್ಳ ಸಣ್ಣ ತಿರುಪುಗಳಿವೆ. ಬಿಗಿದಾಗ ಅವು ತುಟಿಯ ಒಳಮೈಯ ಬಣ್ಣವನ್ನು ಚುಚ್ಚಿ ಉಕ್ಕನ್ನು ಮುಟ್ಟುವುವು. ಕೊರೆಯದೆ ಎಂದು ತಲೆಬರೆಹ ಕೊಟ್ಟು ಚುಚ್ಚುವ ಮಾತಾಡುತ್ತಿದ್ದೇವೆ, ವಾಚಕರು ಕ್ಷಮಿಸಬೇಕು. ಈ ಚುಚ್ಚು ಸಾಸಿವೆಯಷ್ಟಿದೆ, ಹೊರಗೆ ಕಾಣದು, ಮಳೆ ನೇರವಾಗಿ ಬೀಳದು. ಅದರ ಮೇಲೆ ಗ್ರೀಸನ್ನು ದಪ್ಪನಾಗಿ ಬಳಿದರೆ ನೀರೂ ಗಾಳಿಯೂ ಅದನ್ನು ಮುಟ್ಟವು.

ತಿರುಪು ನಿಜವಾಗಿ ಉಕ್ಕನ್ನು ಮುಟ್ಟಿತೆ ಎಂಬುದನ್ನು ಕಣ್ಣಿನಿಂದ ನಿರ್ಧರಿಸಬಾರದು. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಹಿಡಿಕೆಗೂ ಇನ್ನೊಂದನ್ನು ಬ್ಯಾಟರಿಯ ಋಣ ಕೊನೆಯ ದಪ್ಪ ತಂತಿ ಗಾಡಿಯ ಮೈಯನ್ನು ಸೇರುವ ಬೋಲ್ಟಿಗೂ ಹಿಡಿಯಬೇಕು. ಓದು ಒಂದು ಓಮ್‌ಗಿಂತ ಕಡಿಮೆಯಿರಬೇಕು. ಮೊದಲ ಬಿಗಿತದಲ್ಲಿ ನಮಗೆ ಬಂದದ್ದು ಏರಿಳಿಯುತ್ತಿದ್ದ ಅಂಕೆ. ಇನ್ನರ್ಧ ಸುತ್ತು ತಿರುಗಿಸಿದ ಮೇಲೆ ಮುಳ್ಳು ನೆಟ್ಟಗೆ ನಿಂತಿತು.

ಪಿಕಪ್ ಗಾಡಿಗಳಲ್ಲಿ ಕ್ಯಾಬಿನ್ನಿನ ಹಿಂದೆ ಸರಕಿಗೆ ತಡೆಯಾಗಿ ಕಬ್ಬಿಣದ ಚೌಕಟ್ಟು ಇರುವುದುಂಟು. ಅದಕ್ಕೆ ಪಟ್ಟಿ ಹಾಕಿ ಏರಿಯಲ್ಲನ್ನು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭವೆಂದು ತೋರುವುದು. ಆದರೆ ಕ್ಯಾಬಿನ್ನೂ ಹಿಂದಿನ ತೊಟ್ಟಿಯೂ ಬೇರೆ ಬೇರೆ. ಕುಲುಕಾಟ ತಗ್ಗಲೆಂದು ರಬ್ಬರಿನ ಮೆತ್ತೆಗಳ ಮೇಲೆ ಕೂರಿಸಿದ ಭಾಗಗಳು ಅಲೆಯ ಮಟ್ಟಿಗೆ ಒಂದನ್ನೊಂದು ಅರಿಯದ ನೆರೆಹೊರೆಯವರು. ಚೌಕಟ್ಟಿನಿಂದ ಕ್ಯಾಬಿನ್ನಿನ ಬೋಲ್ಟೊಂದಕ್ಕೆ ಹೆಣೆದ ತಾಮ್ರದ ಪಟ್ಟಿಯನ್ನು ಗಿಡ್ಡವಾಗಿ ಜೋಡಿಸಿದರೆ ಮಾತ್ರ ಅಲ್ಲಿನ ಏರಿಯಲ್ಲಿಗೆ ಉಳಿದರ್ಧ ದೊರೆಯುವುದು. ಕನ್ನಡಿಯ ತೋಳಿಗೆ ಕಟ್ಟಿದ ಏರಿಯಲ್ಲಿಗೂ ಇದೇ ಮಾತು; ಬಾಗಿಲಿನ ಕೀಲು ಗ್ರೀಸು ಮೆತ್ತಿದ ಕೆಟ್ಟ ವಾಹಕ. ಗಾಜಿಗೆ ಅಂಟಿಸುವ ಪಟ್ಟಿಯ ಏರಿಯಲ್ಲುಗಳೂ ಉಂಟು. ಕೇಂದ್ರದ ಸಮೀಪದ ಪಟ್ಟಣಗಳಲ್ಲಿ ಅವು ಸಾಕು. 80 ಕಿಲೋಮೀಟರಿನಾಚೆಗೆ ಅವನ್ನು ನಾವು ನೆಚ್ಚಲಾರೆವು.

ಕೇಬಲ್ಲಿನ ವಿಷಯಕ್ಕೆ ಬರೋಣ. ಇದರಲ್ಲಿ ನಾವು ಸರಿಯಾಗಿ ಎಡವಿದೆವು. ಹಿಡಿಕೆಯೊಡನೆ ಬಂದ ಕೇಬಲ್ ಗಿಡ್ಡವಾಯಿತು. ಮನೆಯಲ್ಲಿ ಟಿ.ವಿ.ಯ ಕೇಬಲ್ಲಿನ ಸುರುಳಿಯಿತ್ತು. ನಾಲ್ಕು ಮೀಟರ್ ಕತ್ತರಿಸಿ ಹಾಕಿದೆವು. ಎಫ್.ಎಂ. ಚೆನ್ನಾಗಿಯೇ ಬಂದಿತು. ಯಜಮಾನರು ಗುಂಡಿಯನ್ನು ಮಧ್ಯಮ ತರಂಗಕ್ಕೆ ತಿರುಗಿಸಿದರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸಿನಲ್ಲಿ ಕೇಳುತ್ತ ಬೆಳೆದ ಮನೆಗಳು ಆ ಕಡೆ ಬಹಳ. ಅವರದೂ ಅಂಥದೊಂದು ಮನೆ. ಸೆಟ್ಟು ಬರಿಯ ಬುಸುಗುಟ್ಟಿತು. ಹಿಂದಿನ ದಿನ ಗಿಡ್ಡ ಕೇಬಲ್ಲಿನಲ್ಲಿ ಅದೇ ಕೇಂದ್ರ ಕೇಳಿಸಿತ್ತು.

ಕಾರಣವನ್ನು ಹುಡುಕಲು ನಮಗೆ ಒಂದು ರಾತ್ರಿ ಹಿಡಿಯಿತು. 765 ಕಿಲೋಹರ್ಟ್ಸಿನ ತರಂಗದೂರ 392 ಮೀಟರ್. ಅದರ ಕಾಲುಭಾಗ 98 ಮೀಟರ್. ಅಷ್ಟುದ್ದದ ಸಲಾಕೆಯನ್ನು ಯಾವ ಗಾಡಿಯೂ ಹೊರಲಾರದು. ಈ ಅಲೆಯ ಮುಂದೆ ನಮ್ಮ 75 ಸೆಂಟಿಮೀಟರ್ ಸಲಾಕೆ ಶ್ರುತಿಗೂಡುವ ತಂತಿಯಲ್ಲ, 12 ಪಿಕೊಫ್ಯಾರಡ್ ಆಸುಪಾಸಿನ ಪುಟ್ಟ ಧಾರಕ ಮಾತ್ರ. ಅದು ಹಿಡಿದ ಅಲ್ಪ ವೋಲ್ಟೇಜನ್ನು ಸೆಟ್ಟಿಗೆ ಮುಟ್ಟಿಸುವ ಕೇಬಲ್ಲೂ, ಒಳತಂತಿ ಮತ್ತು ಹೊರ ಜಾಲರಿ ಎದುರುಬದುರಾಗಿರುವುದರಿಂದ, ತಾನೊಂದು ಧಾರಕವೇ. ಸಲಾಕೆ ಗಳಿಸಿದ್ದನ್ನು ಕೇಬಲ್ ಹಂಚಿಕೊಳ್ಳುವುದು. ಗಾಡಿಯ ರೇಡಿಯೊಗೆಂದೇ ಮಾಡಿದ ಕೇಬಲ್ಲಿನಲ್ಲಿ ಒಳತಂತಿ ಕೂದಲಿನಂತೆ ಸಣ್ಣದು, ಸುತ್ತ ಬಹುಪಾಲು ಗಾಳಿ; ಮೀಟರಿಗೆ 30ರಿಂದ 40 ಪಿಕೊಫ್ಯಾರಡ್. ಅಂಥ ಮೂರು ಮೀಟರಿಗೆ ಸುಮಾರು 100. ಆಗ ಸೆಟ್ಟಿಗೆ ದೊರೆಯುವುದು ಒಂಬತ್ತರಲ್ಲಿ ಒಂದು ಪಾಲು. ಟಿ.ವಿ.ಯ ಕೇಬಲ್ಲಿಗೆ ಮೀಟರಿಗೆ 60 ಎಂದರೂ ನಾಲ್ಕು ಮೀಟರಿಗೆ 240. ದೊರೆಯುವುದು ಇಪ್ಪತ್ತೊಂದರಲ್ಲಿ ಒಂದು. ಕ್ಷೀಣ ಕೇಂದ್ರ ಬುಸುಗುಟ್ಟುವಿಕೆಯ ಕೆಳಗೆ ಮುಳುಗಲು ಇಷ್ಟು ಸಾಕು. ಎಫ್.ಎಂ.ಗೆ ಏಕೆ ಕೆಡಲಿಲ್ಲ? ಅಲ್ಲಿ ಸಲಾಕೆ ಶ್ರುತಿಗೂಡಿದೆ. ಕೇಬಲ್ ಹಂಚಿಕೊಳ್ಳುವ ಪಾತ್ರೆಯಾಗದೆ ಅಲೆಯನ್ನು ಸಾಗಿಸುವ ಕಾಲುವೆಯಾಗಿ ನಡೆಯುವುದು.

ಹಾಗೆಂದು ಎಫ್.ಎಂ. ಉಳಿಯಿತೇ? ಅದೂ ಎರಡು ವಾರಗಳಲ್ಲಿ ಕರಕರ ಎನ್ನತೊಡಗಿತು. ಅಗ್ಗದ ಟಿ.ವಿ. ಕೇಬಲ್ಲಿನ ಜಾಲರಿ ಅಲ್ಯೂಮಿನಿಯಮ್ಮಿನದು. ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯದು. ನಾವು ಸುತ್ತಿ ಬಿಗಿದ ಗಂಟಿನಲ್ಲಿ ಅದರ ಮೇಲೆ ಆಕ್ಸೈಡಿನ ಪದರ ಕಟ್ಟಿತ್ತು. ಸರಿಯಾದ ಕೇಬಲ್ಲನ್ನು ತರಿಸಿ ಹಾಕಿದ ದಿನ ಎರಡು ದೋಷಗಳೂ ಒಟ್ಟಿಗೆ ಹೋದುವು.

ಕೇಬಲ್ಲನ್ನು ಒಳಕ್ಕೆ ಒಯ್ಯಲೂ ಕೊರೆಯಬೇಕಾಗಿಲ್ಲ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಣ ತಗಡಿನಲ್ಲಿ ಗಾಡಿಯ ತಂತಿಗಳು ಹಾಯುವ ಕಿಂಡಿಯಿದ್ದು ಅದಕ್ಕೆ ರಬ್ಬರಿನ ಬಿರಡೆಯಿರುವುದು. ಅದರಲ್ಲಿ ಸಣ್ಣ ಸೀಳು ಮಾಡಿದರೆ ಸಾಕು. ಹೊರಗೆ ಕೇಬಲ್ಲು ಕಿಂಡಿಗಿಂತ ಕೆಳಗಿಳಿದು ಮತ್ತೆ ಮೇಲೇರಿ ಒಳಗೆ ಹೋಗುವಂತೆ ಒಂದು ಜೋಲು ಬಿಡಬೇಕು. ಕೇಬಲ್ಲಿನ ಮೈಮೇಲೆ ಹರಿದುಬಂದ ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳುವುದು. ಗಾಳಿಚೀಲಗಳಿರುವ ಗಾಡಿಗಳಲ್ಲಿ ಅವುಗಳ ಮುಚ್ಚಳಗಳ ಮೇಲೆ ಅಥವಾ ಹಿಂದೆ ಕೇಬಲ್ಲನ್ನು ಎಂದಿಗೂ ಹಾಯಿಸಬಾರದು. ಭತ್ತದ ಹುಲ್ಲು ಹೇರುವಾಗ, ತಗ್ಗಿ ಜೋತ ವಿದ್ಯುತ್ ತಂತಿಗಳ ಅಡಿಯಲ್ಲಿ ಸಾಗುವಾಗ ಸಲಾಕೆಯನ್ನು ಬಿಚ್ಚಿ ಒಳಗಿಡುವುದು ಒಳ್ಳೆಯದು.

ಕೊನೆಗೆ ಉಳಿದದ್ದು ಒಂದು ವಿಚಿತ್ರವಾದ ಗುಂಯ್‌ಗಾಟ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳಿಲ್ಲ. ಪೆಟ್ರೋಲ್ ಗಾಡಿಗಳಂತೆ ಅದು ರೇಡಿಯೊಗೆ ಕಿಡಿಯ ಕಿರುಕುಳ ಕೊಡದು. ಎಂಜಿನ್ನನ್ನು ನಿಲ್ಲಿಸಿದರೂ ಗುಂಯ್‌ಗಾಟ ನಿಲ್ಲಲಿಲ್ಲ. ಒಂದೊಂದೇ ತಂತಿಯನ್ನು ಕಿತ್ತು ನೋಡಿದೆವು. ಸಿಗರೇಟು ಹಚ್ಚುವ ಕಿಂಡಿಯಲ್ಲಿ ಸಿಕ್ಕಿಸಿದ್ದ ಫೋನಿನ ಅಗ್ಗದ ಚಾರ್ಜರನ್ನು ಕಿತ್ತಾಗ ಸದ್ದಡಗಿತು. ಹನ್ನೆರಡು ವೋಲ್ಟನ್ನು ಐದಕ್ಕಿಳಿಸಲು ಅದು ಪ್ರವಾಹವನ್ನು ಕ್ಷಣಕ್ಕೆ ಸಾವಿರಾರು ಬಾರಿ ಕಡಿದು ಕೂಡಿಸುವುದು. ಆ ಕಡಿತವೇ ಒಂದು ಪುಟ್ಟ ಪ್ರಸಾರ ಕೇಂದ್ರ. ಎಲ್.ಇ.ಡಿ. ಅಲಂಕಾರ ದೀಪಗಳಲ್ಲಿಯೂ ಈ ಕೇಡುಂಟು. ಕೇಬಲ್ಲಿನ ಜಾಲರಿ ಬುಡದಲ್ಲಿ ಗಾಡಿಯ ಮೈಗೆ ಚೆನ್ನಾಗಿ ಕೂಡಿದ್ದರೆ ಒಳಗಿನ ಈ ಗಲಾಟೆ ಏರಿಯಲ್ಲಿನವರೆಗೆ ಹತ್ತುವುದು ಬಹಳ ಕಡಿಮೆಯಾಗುವುದು. ತಿರುಪಿನ ಬಿಗಿತಕ್ಕೆ ಅಷ್ಟೊಂದು ಮಹತ್ವ ಕೊಟ್ಟುದಕ್ಕೆ ಇದೂ ಒಂದು ಕಾರಣ.

ಒಂದು ಸಂಜೆ ಯಜಮಾನರೊಡನೆ ಆ ಗಾಡಿಯಲ್ಲಿ ಹೆದ್ದಾರಿಯ ಮೇಲೆ ಹೊರಟೆವು. ಸಿಂಧನೂರಿನ ಕಡೆಗೆ ಹೊಸಪೇಟೆಯ ಕೇಂದ್ರ ಗಟ್ಟಿಯಾಗುತ್ತ ಬಂದಿತು. ಹಿಂದಿರುಗಿ ಮಸ್ಕಿಯನ್ನು ದಾಟಿ ಲಿಂಗಸುಗೂರಿನ ಕಡೆಗೆ ಸಾಗಿದಂತೆ ರಾಯಚೂರೂ ಹೊಸಪೇಟೆಯೂ ದೂರವಾಗುತ್ತ, ದನಿಯಲ್ಲಿ ಬುಸುಗುಟ್ಟುವಿಕೆ ಬೆರೆಯಿತು. ಮಸ್ಕಿಯ ಬೆಟ್ಟದ ಮಗ್ಗುಲಿಗೆ ಬಂದಾಗ ಹಾಡು ಕ್ಷಣಕಾಲ ಕಡಿದು, ಬೆಟ್ಟ ಸರಿದ ಮೇಲೆ ಮತ್ತೆ ಕೂಡಿಕೊಂಡಿತು. ಮಧ್ಯಮ ತರಂಗದ ಧಾರವಾಡ ಮಾತ್ರ ಬೆಟ್ಟವನ್ನು ಲೆಕ್ಕಿಸದೆ ನುಡಿಯುತ್ತಿತ್ತು. ನೂರಾರು ಮೀಟರ್ ಉದ್ದದ ಅಲೆಗೆ ಅಂಥ ಗುಡ್ಡವನ್ನು ಬಳಸಿ ಬರುವುದು ಕಷ್ಟವಲ್ಲ.

ಕಂತುಗಳು ಮುಗಿದ ಮೇಲೆ ಯಜಮಾನರು ಆ ಗಾಡಿಯನ್ನು ಮಾರಿದರು. ಕೊಳ್ಳಲು ಬಂದವನು ಛಾವಣಿಯನ್ನು ಕೈಯಿಂದ ಸವರಿ, ಒಳಗಿನ ಹೊದಿಕೆಯಲ್ಲಿ ನೀರಿನ ಕಲೆಯಿದೆಯೇ ಎಂದು ಬಗ್ಗಿ ನೋಡಿದನಂತೆ. ಅಯಸ್ಕಾಂತ ತೇಯ್ದ ಗೀರನ್ನು ತೋರಿಸಿ ಒಂದಿಷ್ಟು ಚೌಕಾಶಿ ಮಾಡಿದನು. ಹಿಡಿಕೆಯನ್ನು ಮಾರಾಟಕ್ಕೆ ಮೊದಲೇ ಬಿಚ್ಚಿ ತೆಗೆದಿದ್ದರು. ಗ್ರೀಸನ್ನು ಒರಸಿದಾಗ ಬಾನೆಟ್ಟಿನ ಒಳತುಟಿಯಲ್ಲಿ ಎರಡು ಚುಕ್ಕೆಗಳು ತುಕ್ಕು ಹಿಡಿಯದೆ ಹೊಳೆಯುತ್ತಿದ್ದುವು. ಅವುಗಳ ಮೇಲೆ ಬಣ್ಣದ ಒಂದೊಂದು ತೊಟ್ಟನ್ನು ಇಟ್ಟು, ಏರಿಯಲ್ಲನ್ನೂ ಕೇಬಲ್ಲನ್ನೂ ಹೊಸ ಗಾಡಿಗೆ ವರ್ಗಾಯಿಸಲು ನಮಗೆ ಅರ್ಧ ಗಂಟೆ ಸಾಕಾಯಿತು.